‘ಖೋ’ ಎಂದಾಗ ಏಳಲಾಗದ ಹುಡುಗಿ

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿ ಕಪ್ ಎತ್ತಿದ ಭಾರತದ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಖೋಖೋ ಈ ಸೀಮೆಯ ಶಾಲೆಗಳಿಗೆ ಹೊಂದುವ ಆಟ. ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಎರಡು ಕಂಬ ನೆಟ್ಟರೆ ಮುಗಿಯಿತು. ಬ್ಯಾಟು ಬೇಡ, ಬಾಲು ಬೇಡ, ಬೇಕಾದ್ದು ಕಾಲು.

ಆ ಆಟವನ್ನೊಮ್ಮೆ ವೈದ್ಯರ ಕಣ್ಣಿಂದ ನೋಡಿ. ಎಂಟು ಹುಡುಗಿಯರು ಸಾಲಾಗಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಒಬ್ಬಳ ಮುಖ ಈ ಕಡೆ, ಪಕ್ಕದವಳದು ಆ ಕಡೆ. ಬೆನ್ನ ಹಿಂದೆ ‘ಖೋ’ ಎಂಬ ಕೂಗು ಬಿದ್ದ ಕೂಡಲೇ ಕೂತವಳು ಎದ್ದಿರಬೇಕು, ಎದ್ದವಳು ಓಡುತ್ತಿರಬೇಕು. ಆ ಅರೆಕ್ಷಣದಲ್ಲಿ ಇಡೀ ಮೈಭಾರವನ್ನು ಮೇಲಕ್ಕೆ ಚಿಮ್ಮಿಸುವುದು ಸೊಂಟ ಮತ್ತು ತೊಡೆಯ ಮಾಂಸಖಂಡಗಳು. ಆ ಖಂಡಗಳು ಸೊರಗಿದರೆ ಮೊದಲು ಕೈಕೊಡುವುದು ಓಟವಲ್ಲ, ಕೂತಲ್ಲಿಂದ ಏಳುವುದು.

ಈಗ ಅದೇ ಸಾಲಿನಲ್ಲಿ ಹದಿಮೂರು ವರ್ಷದ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ‘ಖೋ’ ಬಿತ್ತು. ಅವಳು ಒಂದು ಕೈ ನೆಲಕ್ಕೂರಿದಳು, ಇನ್ನೊಂದನ್ನು ಮೊಣಕಾಲ ಮೇಲಿಟ್ಟಳು, ಆಮೇಲೆ ಎದ್ದಳು. ಅಷ್ಟರಲ್ಲಿ ಓಡುವವಳು ಕಂಬ ದಾಟಿಯಾಗಿತ್ತು. ಗೆಳತಿಯರು ‘ಅಜ್ಜಿ’ ಎಂದು ನಕ್ಕರು. ಮನೆಯಲ್ಲೂ ಅಮ್ಮ ಒಂದಷ್ಟು ಗಮನಿಸಿದ್ದಾಳೆ. ಮಗಳು ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಾಳೆ. ಜಡೆ ಹೆಣೆದುಕೊಳ್ಳುವಾಗ ನಡುವೆ ಎರಡು ಸಲ ಕೈ ಇಳಿಸುತ್ತಾಳೆ. ಅವಳಿಗೆ ಲೂಪಸ್ ಇದೆ, ಮಾತ್ರೆ ನಡೆಯುತ್ತಿದೆ ಎಂದು ತಿಳಿದ ಮೇಷ್ಟ್ರು ಅಕ್ಕರೆಯಿಂದಲೇ ಹೇಳುತ್ತಾರೆ: ‘ನೀನು ಆ ಹೊಂಗೆ ಮರದ ಕೆಳಗೆ ಕೂತ್ಕೊಳವ್ವ.’ ಅಮ್ಮನದೂ ಅದೇ ಮಾತು: ‘ಮೊದಲು ಹುಷಾರಾಗ್ಲಿ ಮೇಷ್ಟ್ರೆ, ಆಟ ಆಮೇಲೆ ಇದ್ದದ್ದೇ.’

ಇಬ್ಬರ ಮಾತಿನಲ್ಲೂ ಪ್ರೀತಿಯಿದೆ, ಅರ್ಧ ಸತ್ಯವೂ ಇದೆ. ಕಾಯಿಲೆ ಕೆರಳಿದ ದಿನಗಳಲ್ಲಿ ಮರದ ನೆರಳು ಬೇಕು. ಕಾಯಿಲೆ ಹತೋಟಿಗೆ ಬಂದ ಮೇಲೂ ಅಲ್ಲೇ ಕೂರಿಸಿದರೆ ನೆರಳೇ ಇನ್ನೊಂದು ಕಾಯಿಲೆಯಾಗುತ್ತದೆ.

ಹೊರಗಿಂದ ಬಾರದ ನಂಜು

ನಮ್ಮ ಕಡೆ ಗಾಯ ಬಾತುಕೊಂಡು ಕೆಂಪಾಗಿ ಬಿಸಿಯಾದರೆ ‘ನಂಜಾಗಿದೆ’ ಎನ್ನುತ್ತೇವೆ. ವಿಷ ನುಂಗಿದವನನ್ನೇ ದೇವರಾಗಿ ಪಡೆದ ಊರು ನಂಜನಗೂಡು. ಕಪಿಲೆಯ ದಡದ ಆ ನಂಜುಂಡನನ್ನು ಟಿಪ್ಪು ‘ಹಕೀಂ ನಂಜುಂಡ’ ಎಂದು ಕರೆದನಂತೆ. ಕಾಯಿಲೆ ಗುಣವಾಗಲೆಂದು ಜನ ಇಂದಿಗೂ ಅಲ್ಲಿ ಉರುಳುಸೇವೆ ಮಾಡುತ್ತಾರೆ. ನಂಜು ಎಂದರೆ ಹೊರಗಿನಿಂದ ಒಳಹೊಕ್ಕಿದ್ದು ಎಂಬುದು ನಮ್ಮ ತಿಳಿವಳಿಕೆ.

ಲೂಪಸ್‌ನಲ್ಲಿ ನಂಜಿದೆ, ಅದನ್ನು ಹೊರಗಿನಿಂದ ತಂದವರಿಲ್ಲ. ವೈರಸ್ಸು, ಬ್ಯಾಕ್ಟೀರಿಯಾಗಳನ್ನು ಹೊಡೆಯಬೇಕಾದ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ, ತನ್ನದೇ ಜೀವಕೋಶಗಳ ನಡುಭಾಗವನ್ನು, ಅಲ್ಲಿರುವ ಡಿಎನ್‌ಎಯನ್ನು ಶತ್ರುವೆಂದು ಬಗೆದು ಪ್ರತಿಕಾಯಗಳನ್ನು ತಯಾರಿಸುತ್ತದೆ. ಅವು ರಕ್ತದಲ್ಲಿ ಸುತ್ತಿ ಎಲ್ಲಿ ಬೇಕಾದರೂ ಕೂತುಕೊಳ್ಳುತ್ತವೆ. ಚರ್ಮದಲ್ಲಿ ಕೂತರೆ ಕೆನ್ನೆಯಿಂದ ಕೆನ್ನೆಗೆ ಚಿಟ್ಟೆಯಾಕಾರದ ಕೆಂಪು. ಕೀಲಿನಲ್ಲಿ ಕೂತರೆ ನೋವು, ಬಾವು. ಕಿಡ್ನಿಯಲ್ಲಿ ಕೂತರೆ ಮೂತ್ರದಲ್ಲಿ ನೊರೆ, ಬೆಳಿಗ್ಗೆ ಉಬ್ಬಿದ ಕಣ್ಣು. ಇದು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಒಂದೇ ಬೆಂಚಿನಲ್ಲಿ ಕೂತರೂ, ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ.

ಲೂಪಸ್ ಬಂದವರಲ್ಲಿ ನೂರಕ್ಕೆ ಸುಮಾರು 15ರಿಂದ 20 ಮಂದಿಗೆ ಅದು 18 ವರ್ಷದೊಳಗೆ ಶುರುವಾಗಿರುತ್ತದೆ. ಹುಡುಗರಿಗಿಂತ ಹುಡುಗಿಯರಲ್ಲಿ ಹಲವು ಪಟ್ಟು ಹೆಚ್ಚು, ಅದೂ ಮೈನೆರೆಯುವ ವಯಸ್ಸಿನ ಆಸುಪಾಸಿನಲ್ಲಿ. ದೊಡ್ಡವರಿಗೆ ಹೋಲಿಸಿದರೆ ಮಕ್ಕಳಲ್ಲಿ ಕಿಡ್ನಿಗೆ ಪೆಟ್ಟು ಬೀಳುವುದು ಹೆಚ್ಚು, ಹಾಗಾಗಿ ಅವರಿಗೆ ಔಷಧವೂ ಜೋರು. ಪತ್ತೆಯಾಗುವುದೇ ಕಷ್ಟ. ಜ್ವರ, ಮೈಕೈ ನೋವು, ಸುಸ್ತು ಎಂದೊಡನೆ ನಮಗೆ ಮೊದಲು ನೆನಪಾಗುವುದು ಡೆಂಗಿ, ಟೈಫಾಯ್ಡ್. 2006ರಲ್ಲಿ ಊರೂರನ್ನೇ ಮಲಗಿಸಿದ ಚಿಕುನ್‌ಗುನ್ಯಾ ಬಂದುಹೋದ ಮೇಲಂತೂ ಕೀಲುನೋವಿಗೆಲ್ಲ ಅದೇ ಹೆಸರು. ವಾರಗಟ್ಟಲೆ ಬಿಡದ ಜ್ವರ, ಬಿಸಿಲಿಗೆ ಹೋದಾಗ ಕೆರಳುವ ಮುಖದ ಕೆಂಪು, ನೋವಿಲ್ಲದ ಬಾಯಿಹುಣ್ಣು, ಉದುರುವ ಕೂದಲು ಇವೆಲ್ಲ ಒಟ್ಟಿಗೆ ಕಂಡರೆ ಎ.ಎನ್.ಎ. ಎಂಬ ರಕ್ತಪರೀಕ್ಷೆ ಆಗಬೇಕು, ಮೂತ್ರವನ್ನೂ ನೋಡಬೇಕು.

ಖಂಡ ಕರಗುವ ದಾರಿಗಳು

ಈ ಮಕ್ಕಳ ತೋಳು ತೊಡೆಯ ಬಲ ಕುಗ್ಗುವುದಕ್ಕೆ ಕಾರಣ ಒಂದೇ ಅಲ್ಲ. ಮೊದಲನೆಯದು ಕಾಯಿಲೆಯೇ. ಮೈತುಂಬ ಉರಿಯೂತವಿದ್ದಾಗ ದೇಹ ತನ್ನ ಮಾಂಸದ ಪ್ರೋಟೀನನ್ನೇ ಕರಗಿಸಿ ಉರಿಸುತ್ತದೆ. ಕೀಲು ನೋಯುವುದರಿಂದ ಮಗು ಕೈಕಾಲು ಆಡಿಸುವುದನ್ನು ಕಡಿಮೆ ಮಾಡುತ್ತದೆ. ರಕ್ತಹೀನತೆ ಸೇರಿಕೊಂಡರೆ ಖಂಡಗಳಿಗೆ ಸಾಕಷ್ಟು ಆಮ್ಲಜನಕ ಸಿಗದೆ ನಾಲ್ಕು ಹೆಜ್ಜೆಗೇ ಏದುಸಿರು. ಕೆಲವರಲ್ಲಿ ಮಾತ್ರ ಉರಿಯೂತ ನೇರವಾಗಿ ಮಾಂಸಖಂಡಕ್ಕೇ ಇಳಿಯುತ್ತದೆ.

ಎರಡನೆಯದು ಔಷಧ. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಕಾಯಿಲೆಯ ಬೆಂಕಿಗೆ ನೀರು ಸುರಿದಂತೆ. ಕಿಡ್ನಿ, ಮಿದುಳನ್ನು ಉಳಿಸಿಕೊಡುವುದು ಅದೇ. ಆದರೆ ದೊಡ್ಡ ಪ್ರಮಾಣದಲ್ಲಿ ಹೆಚ್ಚು ದಿನ ತೆಗೆದುಕೊಂಡಾಗ ಅದು ಮಾಂಸಖಂಡದ ಪ್ರೋಟೀನನ್ನು ಒಡೆಯುತ್ತದೆ, ಹೊಸದು ಕಟ್ಟುವುದನ್ನು ತಡೆಯುತ್ತದೆ. ನಮ್ಮ ಖಂಡಗಳಲ್ಲಿ ಎರಡು ಬಗೆಯ ಎಳೆಗಳಿವೆ. ನಿಧಾನವಾಗಿ, ಬಹಳ ಹೊತ್ತು ದುಡಿಯುವ ಎಳೆಗಳು ಒಂದು ಬಗೆ. ಥಟ್ಟನೆ ಬಲ ಕೊಟ್ಟು ಬೇಗ ದಣಿಯುವ ಎಳೆಗಳು ಇನ್ನೊಂದು. ಸ್ಟೀರಾಯ್ಡ್ ಹೆಚ್ಚಾಗಿ ಸೊರಗಿಸುವುದು ಈ ಎರಡನೆಯ ಬಗೆಯನ್ನು, ಅದರಲ್ಲೂ ಸೊಂಟ ಮತ್ತು ಹೆಗಲ ಸುತ್ತಲಿನದನ್ನು. ಹಾಗಾಗಿಯೇ ಆ ಹುಡುಗಿ ಮನೆಯಿಂದ ಶಾಲೆಗೆ ನಡೆದುಬರಬಲ್ಲಳು, ‘ಖೋ’ ಎಂದಾಗ ಚಿಮ್ಮಲಾರಳು.

ಈ ಎರಡನ್ನು ಬೇರೆ ಮಾಡಿ ನೋಡುವುದು ವೈದ್ಯರ ಕೆಲಸ. ಖಂಡಕ್ಕೇ ಉರಿಯೂತ ತಗುಲಿದ್ದರೆ ರಕ್ತದಲ್ಲಿ ಸಿ.ಕೆ. ಎಂಬ ಕಿಣ್ವ ಸಾಮಾನ್ಯವಾಗಿ ಏರಿರುತ್ತದೆ, ಔಷಧ ಹೆಚ್ಚಿಸಬೇಕಾಗುತ್ತದೆ. ಸ್ಟೀರಾಯ್ಡ್‌ನಿಂದ ಬಂದ ನಿಶ್ಶಕ್ತಿಯಲ್ಲಿ ಆ ಅಂಕಿ ಸಹಜವಾಗಿಯೇ ಇರುತ್ತದೆ, ಔಷಧ ಇಳಿಸುವ ದಾರಿ ಹುಡುಕಬೇಕಾಗುತ್ತದೆ. ಹೊರಗೆ ಎರಡೂ ಒಂದೇ ರೀತಿ ಕಾಣುತ್ತವೆ, ಮದ್ದು ಮಾತ್ರ ತದ್ವಿರುದ್ಧ. ‘ಕಾಲಲ್ಲಿ ಶಕ್ತಿ ಇಲ್ಲ’ ಎಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಲೇಬೇಕಾದದ್ದು ಈ ಕಾರಣಕ್ಕೆ.

ಮೂರನೆಯದು ಬಿಸಿಲು. ಲೂಪಸ್‌ನಲ್ಲಿ ನೇರಳಾತೀತ ಕಿರಣ ಕಾಯಿಲೆಯನ್ನು ಕೆರಳಿಸುವುದರಿಂದ ಮಗುವನ್ನು ಒಳಗಿಡುತ್ತೇವೆ. ಒಳಗಿದ್ದರೆ ವಿಟಮಿನ್ ಡಿ ಇಳಿಯುತ್ತದೆ. ಅದು ಇಳಿದರೆ ಮೂಳೆ, ಖಂಡ ಎರಡೂ ಸೊರಗುತ್ತವೆ.

ನಾಲ್ಕನೆಯದು ಹೊಂಗೆ ಮರದ ನೆರಳು, ಅಂದರೆ ದುಡಿಸದೆ ಬಿಡುವುದು. ಗರಡಿಮನೆ ಕಂಡ ಮೈಸೂರು ಸೀಮೆಗೆ ಇದನ್ನು ಹೇಳಿಕೊಡಬೇಕಿಲ್ಲ. ಬಸ್ಕಿ ಬಿಟ್ಟ ಪೈಲ್ವಾನನ ತೊಡೆ ತಿಂಗಳೊಪ್ಪತ್ತಿನಲ್ಲಿ ಹೇಗಾಗುತ್ತದೆಂದು ಯಾವ ಉಸ್ತಾದನನ್ನು ಕೇಳಿದರೂ ಹೇಳುತ್ತಾನೆ. ಮೊದಲ ಮೂರು ಕಾರಣಗಳು ನಮ್ಮ ಕೈಯಲ್ಲಿ ಪೂರ್ತಿಯಾಗಿ ಇಲ್ಲ. ನಾಲ್ಕನೆಯದು ಇದೆ.

ಹಾಸಿಗೆಯ ಕಾಲ ಮುಗಿದಿದೆ

‘ರೆಸ್ಟ್ ತಗೊಳ್ಳಿ’ ಎಂಬ ಸಲಹೆ ಸುಮ್ಮನೆ ಹುಟ್ಟಿದ್ದಲ್ಲ. ಲೂಪಸ್ ರೋಗಿಗೆ ಕೊಡಲು ಹೆಚ್ಚೇನೂ ಇಲ್ಲದ ಕಾಲವೊಂದಿತ್ತು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಎರಡು ಸಂಗತಿ ನಡೆದವು. ಹಾರ್‌ಗ್ರೇವ್ಸ್ ಮತ್ತು ಸಂಗಡಿಗರು ಲೂಪಸ್ಸಿನ ಗುರುತಾದ ‘ಎಲ್.ಇ. ಕೋಶ’ವನ್ನು ಲೋಕಕ್ಕೆ ತಿಳಿಸಿದರು. ಫಿಲಿಪ್ ಹೆಂಚ್ ಅವರು ಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಸಂಧಿವಾತದ ರೋಗಿಗೆ ಮೊದಲ ಬಾರಿ ಕೊಟ್ಟರು. ಎರಡೇ ವರ್ಷದಲ್ಲಿ ಅವರಿಗೆ ನೊಬೆಲ್ ಬಂತು. ಆದರೂ 1955ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ವೈದ್ಯರು ಲೆಕ್ಕ ಹಾಕಿದಾಗ, ಲೂಪಸ್ ಗೊತ್ತಾದ ನಾಲ್ಕು ವರ್ಷಕ್ಕೆ ಬದುಕಿ ಉಳಿಯುತ್ತಿದ್ದವರು ಅರ್ಧದಷ್ಟು ಮಂದಿ ಮಾತ್ರ. ಅಂಥ ದಿನಗಳಲ್ಲಿ ಖೋಖೋ ಆಡಿಸುವ ಮಾತು ಯಾರ ಬಾಯಿಗೂ ಬರುವುದಿಲ್ಲ.

ಈಗ ಮಲೇರಿಯಾ ಮದ್ದಿನ ಬಳಗದ ಹೈಡ್ರಾಕ್ಸಿಕ್ಲೋರೋಕ್ವಿನ್ ಲೂಪಸ್ ಚಿಕಿತ್ಸೆಯ ಅಡಿಗಲ್ಲು. ಕಿಡ್ನಿಗೆ ಮೈಕೋಫಿನೋಲೇಟ್, ಸೈಕ್ಲೋಫಾಸ್ಫಮೈಡ್ ಇವೆ. ಒಳ್ಳೆಯ ಚಿಕಿತ್ಸೆ ಸಿಗುವ ಕಡೆ ಹತ್ತು ವರ್ಷದ ನಂತರವೂ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಬದುಕಿರುತ್ತಾರೆ. ಹೀಗಾಗಿ ಪ್ರಶ್ನೆಯೇ ಬದಲಾಗಿದೆ. ಮಗು ಉಳಿಯುತ್ತದೆಯೇ ಎಂದು ಕೇಳುತ್ತಿದ್ದವರು ಇನ್ನು ಐವತ್ತು ವರ್ಷ ಅದು ಹೇಗೆ ಬಾಳುತ್ತದೆ ಎಂದು ಕೇಳಬೇಕಾಗಿದೆ.

ಆ ಐವತ್ತು ವರ್ಷದ ದಾರಿಯಲ್ಲಿ ಕಾಯುವ ದೊಡ್ಡ ಅಪಾಯ ಹೃದಯದ್ದು. ಅಮೆರಿಕದ ಪಿಟ್ಸ್‌ಬರ್ಗ್‌ನಿಂದ 1997ರಲ್ಲಿ ಬಂದ ಅಧ್ಯಯನವೊಂದು, ಲೂಪಸ್ ಇರುವ 35ರಿಂದ 44 ವಯಸ್ಸಿನ ಹೆಂಗಸರಲ್ಲಿ ಹೃದಯಾಘಾತ ಅದೇ ವಯಸ್ಸಿನ ಉಳಿದವರಿಗಿಂತ 50 ಪಟ್ಟು ಹೆಚ್ಚೆಂದು ತೋರಿಸಿತು. ಮೂಳೆಯದೂ ಇಂಥದೇ ಕತೆ. ಬದುಕಿಡೀ ಬೇಕಾದ ಮೂಳೆಯ ಬಹುಪಾಲನ್ನು ದೇಹ ಕಟ್ಟಿಕೊಳ್ಳುವುದು ಹದಿಹರೆಯ ಮುಗಿಯುವುದರೊಳಗೆ. ಆ ವರ್ಷಗಳಲ್ಲೇ ಸ್ಟೀರಾಯ್ಡ್ ಅದನ್ನು ಕೊರೆಯುತ್ತಿರುತ್ತದೆ. ಎಳೆಯುವ ಖಂಡ, ಹೊರುವ ಭಾರ ಇದ್ದರೆ ಮಾತ್ರ ಮೂಳೆ ಗಟ್ಟಿಯಾಗುತ್ತದೆ. ಹೀಗೆ ಹೃದಯಕ್ಕೂ ಮೂಳೆಗೂ ಮಾಂಸಖಂಡಕ್ಕೂ ಒಟ್ಟಿಗೆ ಒದಗುವುದು ಮೈ ಆಡಿಸುವುದು.

‘ಆಡಿದರೆ ಕಾಯಿಲೆ ಕೆರಳದೆ?’ ಎಂಬ ಅಮ್ಮನ ಭಯಕ್ಕೂ ಉತ್ತರವಿದೆ. ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದವರು ಲೂಪಸ್ ಇರುವ ಮಕ್ಕಳಿಗೆ ಮೂರು ತಿಂಗಳು, ವಾರಕ್ಕೆ ಎರಡು ದಿನ, ತಜ್ಞರ ಕಣ್ಣೆದುರೇ ವ್ಯಾಯಾಮ ಮಾಡಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ವ್ಯಾಯಾಮ ಮಾಡಿದ ಮಕ್ಕಳ ದಮ್ಮು ಹೆಚ್ಚಿತ್ತು, ದಣಿಯುವ ಹೊತ್ತು ದೂರ ಸರಿದಿತ್ತು, ಕಾಯಿಲೆ ಕೆರಳಿರಲಿಲ್ಲ. ಇದು ಚಿಕ್ಕ ಗುಂಪಿನ ಮೇಲೆ ನಡೆದ ಪ್ರಯೋಗ, ಕಾಯಿಲೆ ಹತೋಟಿಯಲ್ಲಿದ್ದ ಮಕ್ಕಳ ಮೇಲೆ ನಡೆದದ್ದು. ದಾರಿ ಮಾತ್ರ ಸ್ಪಷ್ಟ. ಲೂಪಸ್ ಇರುವವರಿಗೆ ವ್ಯಾಯಾಮ ಚಿಕಿತ್ಸೆಯ ಭಾಗವಾಗಿರಬೇಕೆಂದು ಯುರೋಪಿನ ಸಂಧಿವಾತ ತಜ್ಞರ ಸಂಘಟನೆಯಾದ ಯೂಲಾರ್ ಕೂಡ ಹೇಳುತ್ತದೆ.

ಕುರ್ಚಿಯಿಂದ ಮಣೆಗೆ, ಮಣೆಯಿಂದ ನೆಲಕ್ಕೆ

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವಂತೆ ಆಡಬೇಕು, ವಾರಕ್ಕೆ ಮೂರು ದಿನವಾದರೂ ಖಂಡ, ಮೂಳೆ ಬಲಿಯುವ ಕೆಲಸ ಮಾಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಅಳತೆ. ತಿಂಗಳುಗಟ್ಟಲೆ ಮಲಗಿದ್ದ ಹುಡುಗಿಗೆ ಅದು ಮೊದಲ ದಿನದ ಲೆಕ್ಕವಲ್ಲ, ಕೊನೆಗೆ ಮುಟ್ಟಬೇಕಾದ ಊರು.

ಆ ಊರಿಗೆ ಹೊರಡುವ ಮೊದಲು ತಜ್ಞರನ್ನು ಕಾಣಬೇಕು. ಮೈಸೂರು ನಂಜನಗೂಡಿಗೆ ಸುಮಾರು 25 ಕಿಲೊಮೀಟರ್, ನರಸೀಪುರಕ್ಕೆ 30ರ ಆಸುಪಾಸು. ಚೆಲುವಾಂಬ, ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಎಲ್ಲ ಅಲ್ಲಿವೆ. ಮಕ್ಕಳ ಕೀಲುವಾತ ತಜ್ಞರನ್ನೇ ಕಾಣಬೇಕೆಂದರೆ ಬೆಂಗಳೂರಿನ ದಾರಿಯೂ ಹಿಡಿಯಬೇಕಾದೀತು. ದೂರ ಹೆಚ್ಚೇನಲ್ಲ, ಆದರೂ ಫಿಜಿಯೊಥೆರಪಿಗೆಂದು ವಾರಕ್ಕೆ ಎರಡು ಸಲ ಬಸ್ಸು ಹತ್ತಿದರೆ ಅಪ್ಪನದೋ ಅಮ್ಮನದೋ ಅವತ್ತಿನ ಕೂಲಿ ಹೋಗುತ್ತದೆ, ಮಗುವಿನ ಪಾಠ ತಪ್ಪುತ್ತದೆ, ದಾರಿಯ ಆಯಾಸ ಬೇರೆ. ಒಂದೆರಡು ಸಲ ಹೋಗಿ ಸರಿಯಾಗಿ ಕಲಿತು ಬಂದು ಮನೆಯಲ್ಲೇ ನಡೆಸುವುದು ಹೆಚ್ಚು ದಿನ ಬಾಳುತ್ತದೆ.

ಮನೆಯಲ್ಲಿ ಬೇಕಾದ ಸಾಮಾನೆಲ್ಲ ಇದೆ. ಮೊದಲು ಕುರ್ಚಿಯ ಮೇಲೆ ಕೂತು, ಎರಡೂ ಕೈ ಎದೆಗೆ ಕಟ್ಟಿಕೊಂಡು, ಊರದೆ ಏಳುವುದು, ಮೆಲ್ಲಗೆ ಕೂರುವುದು. ಐದು ಸಲ ಸಲೀಸಾದರೆ ಎಂಟು, ಆಮೇಲೆ ಹತ್ತು. ಅದು ಸುಲಭವೆನಿಸಿದಾಗ ತಗ್ಗಿನ ಸ್ಟೂಲು, ನಂತರ ಊಟದ ಮಣೆ, ಕೊನೆಗೆ ಬರಿನೆಲ. ನೆಲದಲ್ಲಿ ಕೂತು ಉಣ್ಣುವ, ಕುಕ್ಕರಗಾಲಲ್ಲಿ ಪಾತ್ರೆ ತೊಳೆಯುವ ಮನೆಗಳಿಗೆ ಇದಕ್ಕಿಂತ ಸಹಜವಾದ ಏಣಿ ಇನ್ನೊಂದಿಲ್ಲ. ಹೆಗಲಿಗೆ, ಅರ್ಧ ನೀರು ತುಂಬಿದ ಬಾಟಲಿಯನ್ನು ತಲೆಮಟ್ಟಕ್ಕೆ ಎತ್ತಿ ಇಳಿಸುವುದು. ತನ್ನ ಜಡೆಯನ್ನು ತಾನೇ ಹೆಣೆದುಕೊಳ್ಳುವುದು. ಜಗಲಿಯ ಮೆಟ್ಟಿಲನ್ನು ಹತ್ತಿ ಇಳಿಯುವುದು. ಬಿಸಿಲು ಇಳಿದ ಮೇಲೆ ಹತ್ತು ನಿಮಿಷದ ನಡಿಗೆ, ವಾರ ಕಳೆದಂತೆ ಎರಡೆರಡು ನಿಮಿಷ ಹೆಚ್ಚು. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ಅಷ್ಟು ಬಿರುಸು ಸಾಕು.

ಇಂದು ಎರಡು ಪಟ್ಟು ಮಾಡಿ ನಾಳೆ ಮಲಗುವುದು ಬೇಡ. ಲೂಪಸ್ಸಿನ ಸುಸ್ತು ಸೋಮಾರಿತನವಲ್ಲ, ಬೈದರೆ ಹೋಗುವಂಥದ್ದೂ ಅಲ್ಲ. ದಣಿವು ಒಂದೆರಡು ಗಂಟೆಯಲ್ಲಿ ಇಳಿದರೆ ಅಳತೆ ಸರಿಯಾಗಿದೆ. ಮರುದಿನ ಬೆಳಿಗ್ಗೆಯೂ ಉಳಿದಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು.

ಮಾಂಸಖಂಡ ಕಟ್ಟಲು ಸಾಮಗ್ರಿಯೂ ಬೇಕು. ಸರ್ಕಾರಿ ಶಾಲೆಯಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲಿದೆ, ಈಚೆಗೆ ಮೊಟ್ಟೆಯಿದೆ. ಮನೆಯಲ್ಲಿ ಕಾಳಿನ ಸಾರು, ಹುರುಳಿ, ಅವರೆ. ರಾಗಿಯಂತೂ ನಮ್ಮದೇ: 100 ಗ್ರಾಂನಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ. ಸ್ಟೀರಾಯ್ಡ್ ನಡೆಯುವಾಗ ಉಪ್ಪಿನಕಾಯಿ, ಹಪ್ಪಳ, ಕುರುಕಲು ದೂರವಿರಲಿ. ಹಸಿವು ಹೆಚ್ಚುವುದರಿಂದ ಮೈ ಬರುವುದೂ ಬೇಗ. ಕಿಡ್ನಿಗೆ ತೊಂದರೆಯಿದ್ದರೆ ಪ್ರೋಟೀನಿನ ಅಳತೆಯನ್ನು ವೈದ್ಯರೇ ಹೇಳಬೇಕು.

ಮೇಷ್ಟ್ರ ಕೈಯಲ್ಲಿರುವುದು

ಡ್ರಿಲ್ ಪೀರಿಯಡ್ಡು ಮಧ್ಯಾಹ್ನ ಎರಡು ಗಂಟೆಗಿದ್ದರೆ ಅದನ್ನು ಬೆಳಿಗ್ಗೆ ಮೊದಲ ಗಂಟೆಗೋ ಸಂಜೆಯ ಕೊನೆಗೋ ಸರಿಸಬಹುದು. ಹತ್ತರಿಂದ ನಾಲ್ಕರವರೆಗಿನ ಬಿಸಿಲಿನಲ್ಲಿ ನೇರಳಾತೀತ ಕಿರಣ ಹೆಚ್ಚು. ಮೋಡವಿದ್ದರೂ ಪೂರ್ತಿ ತಪ್ಪುವುದಿಲ್ಲ. ತುಂಬುತೋಳಿನ ಅಂಗಿ, ಅಗಲ ಟೋಪಿ, ಮುಖ ಕೈಗೆ ಸನ್‌ಸ್ಕ್ರೀನ್ ಇದ್ದರೆ ಹುಡುಗಿ ಅಂಗಳಕ್ಕೆ ಬರಬಹುದು. ಅಂಗಳ ಬೇಡವೆನಿಸಿದ ದಿನ ಶಾಲೆಯ ಹಜಾರವಿದೆ.

ಆಟದಲ್ಲೂ ಮೆಟ್ಟಿಲುಗಳಿವೆ. ಮೊದಲ ತಿಂಗಳು ಅಂಪೈರ್‌ಗೆ ಜೊತೆಯಾಗಿ ಗೆರೆಯ ಉದ್ದಕ್ಕೂ ನಡೆಯಲಿ. ಆಮೇಲೆ ಸಾಲಿನಲ್ಲಿ ಕುಕ್ಕರಗಾಲ ಬದಲು ಮಣೆಯ ಮೇಲೆ ಕೂತು ಏಳಲಿ. ಓಟದ ಸರದಿ ಎರಡು ನಿಮಿಷಕ್ಕೆ ಮುಗಿಯಲಿ. ಮೈನೆರೆದ ಮೇಲೆ ಹುಡುಗಿಯರು ಆಟ ಬಿಡುವುದು ಹೇಗೂ ನಡೆದು ಬಂದಿದೆ. ಸ್ಟೀರಾಯ್ಡ್‌ನಿಂದ ಮುಖ ದುಂಡಗಾಗಿ, ಕೂದಲು ಉದುರಿದವಳು ಎಲ್ಲರೆದುರು ಓಡಲು ಇನ್ನಷ್ಟು ಹಿಂಜರಿಯುತ್ತಾಳೆ. ‘ಅಜ್ಜಿ’ ಎಂದು ನಗುವವರ ಬಾಯನ್ನು ಕಟ್ಟುವುದು ಫಿಜಿಯೊಥೆರಪಿಸ್ಟಿನ ಕೈಯಲ್ಲಿಲ್ಲ, ಮೇಷ್ಟ್ರ ಕೈಯಲ್ಲಿದೆ. ವರ್ಷಕ್ಕೊಮ್ಮೆ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರೆದುರು ‘ಈ ಮಗು ಕೈಯೂರದೆ ಏಳುತ್ತಿಲ್ಲ ನೋಡಿ’ ಎಂದು ಮೊದಲು ತೋರಿಸಬಲ್ಲವರೂ ಅವರೇ.

ಆಟ ನಿಲ್ಲಿಸಬೇಕಾದ ದಿನ

ಧೈರ್ಯದಷ್ಟೇ ಎಚ್ಚರವೂ ಬೇಕು. ಜ್ವರ, ಹೊಸದಾಗಿ ಊದಿದ ಕೀಲು, ಎದೆನೋವು, ಮಲಗಿದಾಗ ಉಸಿರುಕಟ್ಟುವುದು, ಕಾಲು ಬಾವು, ಹೆಚ್ಚಿದ ರಕ್ತದೊತ್ತಡ ಇವುಗಳಲ್ಲಿ ಯಾವುದು ಕಂಡರೂ ವ್ಯಾಯಾಮ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಪ್ಲೇಟ್‌ಲೆಟ್ ಕಡಿಮೆಯಿದ್ದಾಗ ಬೀಳುವ, ಡಿಕ್ಕಿಯಾಗುವ ಆಟ ಬೇಡ. ಖೋಖೋ, ಕಬಡ್ಡಿಯೂ ಅದರಲ್ಲಿ ಬಂತು. ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡ ಮಗು ತೊಡೆಸಂದಿಯಲ್ಲಿ ನೋವೆಂದು ಕುಂಟತೊಡಗಿದರೆ ಎಣ್ಣೆ ನೀವಿ ಸುಮ್ಮನಾಗಬಾರದು. ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ನಿಂತು ಅದು ಸವೆಯುತ್ತಿರಬಹುದು, ಎಂ.ಆರ್.ಐ. ಮಾಡಿಸಿದರೆ ಬೇಗ ಗೊತ್ತಾಗುತ್ತದೆ. ಹಠಾತ್ತನೆ ಬೆನ್ನುನೋವು ಬಂದರೆ ಬೆನ್ನುಮೂಳೆ ಕುಸಿದಿದೆಯೇ ನೋಡಬೇಕು. ಶೀರ್ಷಾಸನದಂಥವನ್ನು ಕೇಳದೆ ಮಾಡಿಸಬಾರದು.

ಎಲ್ಲಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ‘ಸ್ಟೀರಾಯ್ಡ್ ಖಂಡ ತಿನ್ನುತ್ತದಂತೆ, ಮುಖ ಊದಿಸುತ್ತದಂತೆ’ ಎಂದು ಯಾರೋ ಹೇಳಿದ್ದನ್ನು ಕೇಳಿ ಮಾತ್ರೆಯನ್ನು ಒಮ್ಮೆಲೇ ಬಿಡುವುದು. ಬಹಳ ದಿನ ಹೊರಗಿನಿಂದ ಸ್ಟೀರಾಯ್ಡ್ ಬಂದರೆ ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ತಮ್ಮದನ್ನು ತಯಾರಿಸುವುದನ್ನೇ ಮರೆತಿರುತ್ತವೆ. ಥಟ್ಟನೆ ನಿಲ್ಲಿಸಿದರೆ ವಾಂತಿ, ರಕ್ತದೊತ್ತಡ ಕುಸಿತ, ಪ್ರಾಣಾಪಾಯ. ಜೊತೆಗೆ ಕಾಯಿಲೆಯೂ ಮರಳಿ ಕೆರಳುತ್ತದೆ. ಮಾತ್ರೆಯನ್ನು ವೈದ್ಯರೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು.

ನಮ್ಮ ಮನೆಗಳಲ್ಲಿ ಅಡುಗೆಮನೆಯ ಗೋಡೆಗೆ ಕ್ಯಾಲೆಂಡರೊಂದು ತೂಗುತ್ತಿರುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಜಾತ್ರೆ ತೇರು ಎಲ್ಲ ಅದರ ಮೇಲೆಯೇ. ಲೂಪಸ್ ಇರುವ ಮಗುವಿನ ಮನೆಯಲ್ಲಿ ಪ್ರತಿ ಭಾನುವಾರದ ಚೌಕದಲ್ಲಿ ಇನ್ನೆರಡು ಅಂಕಿ ಬರೆಯಬಹುದು. ಒಂದು, ಆ ವಾರ ದಿನಕ್ಕೆ ಎಷ್ಟು ಮಿಲಿಗ್ರಾಂ ಸ್ಟೀರಾಯ್ಡ್ ಎಂಬುದು. ಇನ್ನೊಂದು, ಅರ್ಧ ನಿಮಿಷದಲ್ಲಿ ಮಗಳು ಕೈಯೂರದೆ ಕುರ್ಚಿಯಿಂದ ಎಷ್ಟು ಸಲ ಎದ್ದಳು ಎಂಬುದು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಆ ಹಾಳೆಯನ್ನು ಹರಿದು ಚೀಟಿಗಳ ಜೊತೆ ಇಟ್ಟುಕೊಳ್ಳಿ. ಮೊದಲ ಅಂಕಿಯನ್ನು ಇಳಿಸುವುದು ವೈದ್ಯರ ಕೆಲಸ. ಎರಡನೆಯದನ್ನು ಏರಿಸುವುದು ಮನೆಯವರ, ಮೇಷ್ಟ್ರ, ಆ ಹುಡುಗಿಯ ಕೆಲಸ.